ಕಡಲೆ ನೀರಿನ ನೊರೆ

ಕುಕ್ಕರಿನಲ್ಲಿ ಬೆಂದ ಕಾಬೂಲಿ ಕಡಲೆಯನ್ನು ಬಸಿಯುವಾಗ ಏಳುವ ಹಬೆಗೆ ಒಂದು ವಾಸನೆಯಿದೆ. ಪರಿಮಳ ಅನ್ನಲು ಬಾಯಿ ಬರುವುದಿಲ್ಲ, ನಾತ ಅಂದರೆ ಅನ್ಯಾಯವಾಗುತ್ತದೆ. ಹಸಿ ಮಣ್ಣು, ನೆನೆದ ಗೋಣಿ, ಎಲ್ಲೋ ಸ್ವಲ್ಪ ಬೆಣ್ಣೆ, ಎಲ್ಲ ಕೂಡಿದಂಥ ವಾಸನೆ. ಕಳೆದ ಭಾನುವಾರ ತಲ್ಲೂರಿನ ನನ್ನ ಬಾಡಿಗೆ ಮನೆಯಲ್ಲಿ ಆ ನೀರನ್ನು ಸಣ್ಣ ಉರಿಯಲ್ಲಿ ಬತ್ತಿಸಿ, ಫ್ರಿಜ್ಜಿನಲ್ಲಿಟ್ಟು ತಣಿಸಿ, ಬೀಟರಿನಿಂದ ಹೊಡೆದು ಮ್ಯಾಕರಾನ್ ಮಾಡಿದೆ. ಫ್ರಾನ್ಸಿನವರ ತಿಂಡಿ ಅದು. ಪುಟ್ಟ ಪುಟ್ಟ ಎರಡು ಬಿಲ್ಲೆಗಳು, ನಡುವೆ ಬೆಣ್ಣೆಯ ಹೂರಣ. ಅವರು ಬಾದಾಮಿ ಹಿಟ್ಟು, ಸಕ್ಕರೆ, ಮೊಟ್ಟೆಯ ಬಿಳಿ ಹಾಕಿ ಮಾಡುತ್ತಾರೆ. ಒಲಿಯುವುದು ಬಲು ಕಷ್ಟ. ಮೇಲ್ಮೈ ಬಿರಿಯಬಾರದು, ಒಳಗೆ ಟೊಳ್ಳಾಗಬಾರದು, ಬಿಲ್ಲೆಯ ಅಡಿಯಲ್ಲಿ ಸುತ್ತಲೂ ಜಾಲರಿಯಂಥ ಅಂಚು ಏಳಬೇಕು. ಆ ಅಂಚಿಗೆ ಮಾಡುವವರು ‘ಪಾದ’ ಅನ್ನುತ್ತಾರೆ. ಪಾದ ಬಂದರೆ ಗೆದ್ದಂತೆ. ಓವನ್ನಿನ ಗಾಜಿನಾಚೆ ನನ್ನ ಬಿಲ್ಲೆಗಳಿಗೆಲ್ಲ ಒಂದಾದ ಮೇಲೊಂದು ಪಾದ ಬಂತು. ಗೆದ್ದವಳು ಸ್ಟೂಲಿನ ಮೇಲೆ ಕುಳಿತು, ಯಾರಾದರೂ ಕಂಡರೆ ಮರುಳು ಅಂದುಕೊಳ್ಳುವಷ್ಟು ಅತ್ತೆ.

ನಾನು ಹುಟ್ಟಿ ಬೆಳೆದ ಮನೆ ಕೋಟಕ್ಕೂ ಸಾಲಿಗ್ರಾಮಕ್ಕೂ ನಡುವೆ ಇತ್ತು. ಹಂಚಿನ ಮಾಡು, ಸಗಣಿ ಸಾರಿಸಿದ ಹಿಂಜಗಲಿ, ಗಾಳಿ ಪಡುವಲಿಂದ ಬೀಸಿದರೆ ಕಡಲಿನ ಸದ್ದು ಅಡಿಗೆಮನೆಯ ತನಕ ಬರುತ್ತಿತ್ತು. ಅಪ್ಪನಿಗೆ ಹತ್ತಿರದ ದೇವಿ ಗುಡಿಯ ಪೂಜೆ, ಚಿಕ್ಕಪ್ಪನಿಗೆ ಗದ್ದೆ. ಗುಡಿಯ ನೈವೇದ್ಯದ ಅನ್ನ ಬೇಯುತ್ತಿದ್ದದ್ದು ನಮ್ಮ ಅಡಿಗೆಮನೆಯಲ್ಲೇ, ಬೇಯಿಸುತ್ತಿದ್ದವಳು ಅಜ್ಜಿ. ಒದ್ದೆ ಸೀರೆ, ತುಳಸಿ, ಹೊಗೆ, ಇಷ್ಟೂ ಸೇರಿದ್ದು ಅಜ್ಜಿಯ ವಾಸನೆ. ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಿದರೆ ನನಗೆ ಲೋಕವೇ ಬೇಡವಾಗುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬಹುದು, ಇದ್ದಿದ್ದರೆ ನಾನು ಹೇಳುವುದು ಅರ್ಥವಾಗುತ್ತದೆ. ಮಳೆಗಾಲ ಹಿಡಿಯುತ್ತಲೂ ಅವಳ ಚಾತುರ್ಮಾಸ್ಯದ ವ್ರತ ಶುರುವಾಗುತ್ತಿತ್ತು. ತವರಿನಿಂದ ತಂದ ಅಭ್ಯಾಸವಂತೆ, ನಮ್ಮಲ್ಲಿ ಹಿಡಿಯುತ್ತಿದ್ದವಳು ಅವಳೊಬ್ಬಳೇ. ಒಂದು ತಿಂಗಳು ತರಕಾರಿಯಿಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಕೊನೆಯ ತಿಂಗಳು ದ್ವಿದಳ, ಅಂದರೆ ಎರಡು ಬೇಳೆಯಾಗಿ ಒಡೆಯುವ ಕಾಳು ಯಾವುದೂ ಬಾಯಿಗಿಲ್ಲ. ಕಡಲೆ, ಹೆಸರು, ಉದ್ದು ಎಲ್ಲ ದೂರ. ಗೇರುಬೀಜವೂ ಎರಡು ಹೋಳಾಗುತ್ತದಲ್ಲ ಅಂತ ನಾನು ಕೇಳಿದರೆ, “ಅದ್ ಬೀಜ, ಬೇಳೆ ಅಲ್ಲ” ಅನ್ನುತ್ತಿದ್ದಳು. ಅವಳಿಗೆ ಗೇರುಬೀಜ ಅಂದರೆ ಪ್ರಾಣ, ಅದಕ್ಕೇ ಅವಳ ಶಾಸ್ತ್ರದಲ್ಲಿ ಅದಕ್ಕೊಂದು ಮಾಫಿಯಿತ್ತು. ಮದುವೆಯಾಗಿ ಬಂದಂದಿನಿಂದ ಅಜ್ಜಿಯ ವ್ರತ ಒಮ್ಮೆಯೂ ತಪ್ಪಿದ್ದಿಲ್ಲ ಎಂಬುದು ನಮ್ಮ ಮನೆಯ ದೊಡ್ಡ ಹೆಮ್ಮೆ. ಊರಿನ ಹೆಂಗಸರು ಅವಳ ಕಾಲಿಗೆ ಬಿದ್ದು ಹೋಗುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಚಿಕ್ಕಮ್ಮ ಮದುವೆಯಾಗಿ ಬಂದಳು. ಅವಳ ತವರು ಉಪ್ಪುಂದ. ಬರುವಾಗ ಸೀರೆ ಪೆಟ್ಟಿಗೆಯ ಜೊತೆ ಒಂದು ಕರೆಂಟಿನ ಓವನ್ ತಂದಿದ್ದಳು. ಅಜ್ಜಿ ಅದನ್ನು ದೂರದಿಂದಲೇ ನೋಡಿ, “ಆ ಪೆಟ್ಗಿ ಒಳ್ಗೆ ಬಪ್ಪುಕಿಲ್ಲೆ” ಅಂದಳು. ಚಿಕ್ಕಮ್ಮ ನಗುತ್ತಲೇ, “ಒಳ್ಗೆ ತರುದಿಲ್ಲೆ ಅತ್ತೆ, ಭತ್ತದ ಕೋಣಿಯಂಗೆ ಇಟ್ಕಂತೆ” ಅಂದು ಹಿಂಜಗಲಿಯ ಪಕ್ಕದ ಕೋಣೆಯಲ್ಲಿ ಇಟ್ಟುಕೊಂಡಳು. ಅಲ್ಲಿ ಭತ್ತದ ಧೂಳಿನ ನಡುವೆ ಅವಳ ಪ್ರಯೋಗಶಾಲೆ ಶುರುವಾಯಿತು. ಸಹಾಯಕಿ ನಾನು. ಅವಳಿಗೆ ಮ್ಯಾಕರಾನಿನ ಹುಚ್ಚು. ಫೋನಿನಲ್ಲಿ ದಿನವೂ ಅದೇ ವೀಡಿಯೊ. ಆದರೆ ಎಲ್ಲ ವೀಡಿಯೊಗಳೂ ಮೊಟ್ಟೆ ಒಡೆಯುವುದರಿಂದಲೇ ಆರಂಭವಾಗುತ್ತಿದ್ದವು. ನಮ್ಮ ಮನೆಗೋ ಮೊಟ್ಟೆ ಎಂಬ ಮಾತೇ ಬರುವಂತಿಲ್ಲ. ಒಂದು ದಿನ ಯಾರೋ ವಿದೇಶದವಳು ಕಡಲೆ ಬೇಯಿಸಿದ ನೀರನ್ನು ಹೊಡೆದು ಬೆಟ್ಟದಷ್ಟು ನೊರೆ ಎಬ್ಬಿಸಿದ್ದನ್ನು ನೋಡಿ ಚಿಕ್ಕಮ್ಮ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ಬಾದಾಮಿ ದುಬಾರಿ, ಹಾಗಾಗಿ ನಮ್ಮದೇ ಗುಡ್ಡೆಯ ಗೇರುಬೀಜ ಪುಡಿ ಮಾಡಿ ಜರಡಿ ಹಿಡಿದೆವು. ನೊರೆ ಗಟ್ಟಿಯಾಗಲು ಪುನರ್ಪುಳಿ ಹಣ್ಣಿನ ಕೆಂಪು ಹುಳಿರಸ ನಾಲ್ಕು ಹನಿ. ಹಿಟ್ಟು ಹಿಂಡಲು ಹಾಲಿನ ಖಾಲಿ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದ್ದು.

ಮೊದಮೊದಲು ಆದದ್ದೆಲ್ಲ ಅವಾಂತರ. ನೊರೆ ಏನೋ ಬರುತ್ತಿತ್ತು, ಬಟ್ಟಲು ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಹಿಂಡಿದ ಬಿಲ್ಲೆಗಳು ಮಾತ್ರ ಒಣಗುತ್ತಿರಲಿಲ್ಲ. ಓವನ್ನಿಗೆ ಹೋಗುವ ಮೊದಲು ಅವುಗಳ ಮೇಲೆ ಬೆರಳಿಟ್ಟರೆ ಅಂಟದಂಥ ತೆಳು ಪೊರೆ ಕಟ್ಟಬೇಕು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಅದೆಲ್ಲಿ ಸಾಧ್ಯ, ಉಪ್ಪೇ ನೀರಾಗುವ ಊರು. ಫ್ಯಾನಿನಡಿ ದಿನವಿಡೀ ಇಟ್ಟರೂ ಅಂಟು ಅಂಟೇ. ಸುಟ್ಟರೆ ಬಿರಿದು ದೋಸೆಯಂತೆ ಹರಡಿಕೊಳ್ಳುತ್ತಿದ್ದವು. ಹಿಂಜಗಲಿಯಲ್ಲಿ ಬತ್ತಿ ಹೊಸೆಯುತ್ತ ಇದನ್ನೆಲ್ಲ ನೋಡುತ್ತಿದ್ದ ಅಜ್ಜಿಗೆ ಕಡೆಗೆ ತಡೆಯಲಾಗಲಿಲ್ಲ. “ಇದ್ ಸಂಡಿಗಿಯಲ್ದಾ ಹೆಣೆ? ಥಂಡಿಯಂಗೆ ಒಣ್ಗ್ ಅಂದ್ರ್ ಎಲ್ಲ್ ಒಣ್ಗತ್ತ್? ಅಟ್ಟಕ್ಕ್ ಏರ್ಸ್” ಅಂದಳು. ಒಲೆಯ ಮೇಲಿನ ಅಟ್ಟ, ಹುಣಸೆಯೂ ಕೊಬ್ಬರಿಯೂ ಇರುವ ಜಾಗ, ಒಲೆ ಆರಿದ ಮೇಲೂ ಬೆಚ್ಚಗಿರುತ್ತಿತ್ತು. ಆ ದಿನದಿಂದ ಅಜ್ಜಿಯೂ ನಮ್ಮ ಪಾಲುದಾರಳಾದಳು. ಮನೆಯವರಿಗೆ ಕಡಲೆ ಬೇಯಿಸಿದಾಗ ಅವಳೇ ನೀರು ಬಸಿದು, ತಂಬಿಗೆಯಲ್ಲಿ ಮುಚ್ಚಿಟ್ಟು, “ಕಾಣಿ ನಿಮ್ಮ ಕಡ್ಲೆ ನೀರ್” ಅಂತ ನನ್ನ ಕೈಗೆ ಕೊಡುತ್ತಿದ್ದಳು. ಆ ತಿಂಡಿಗೆ ಅವಳಿಟ್ಟ ಹೆಸರು ಫ್ರೆಂಚ್ ಸಂಡಿಗೆ. ಅಟ್ಟದಲ್ಲಿ ಒಣಗಿದ ಮೊದಲ ಸಲವೇ ಪಾದ ಬಂತು. ನಸುಗೆಂಪು ಬಿಲ್ಲೆಗಳು, ನಡುವೆ ಬೆಣ್ಣೆಗೆ ಜೋನಿಬೆಲ್ಲ ಕಲಸಿದ ಹೂರಣ. ನಾವು ಮೂವರೂ ಓವನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆವು.

ಅದು ದ್ವಿದಳದ ತಿಂಗಳು. ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದಾಗ ಅಜ್ಜಿ ಹಿಂಜಗಲಿಗೆ ಬಂದು ನನ್ನ ತಟ್ಟೆಯನ್ನೇ ನೋಡುತ್ತ ಕೂತಳು. ಗೇರುಬೀಜದ ಪರಿಮಳ ಅವಳನ್ನು ಕಾಡುತ್ತಿತ್ತು ಅಂತ ಕಾಣುತ್ತದೆ. “ನೀರಂಗೆ ಎಂತ ಬೇಳೆ ಇರತ್ತ್? ನೀರ್ ನೀರೇ ಅಲ್ದಾ” ಅಂತ ತನಗೆ ತಾನೇ ಹೇಳಿಕೊಂಡು ಒಂದನ್ನು ಎತ್ತಿ ಬಾಯಿಗಿಟ್ಟಳು. ಅವಳ ಕಣ್ಣು ಮುಚ್ಚಿದ್ದು, ಕೆನ್ನೆಯ ಸುಕ್ಕು ಮೆಲ್ಲಗೆ ಆಡಿದ್ದು, ತುಟಿಗೆ ಹತ್ತಿದ ಪುಡಿಯನ್ನು ಸೆರಗಿನಲ್ಲಿ ಒರೆಸಿಕೊಂಡದ್ದು ನನಗೆ ಇವತ್ತಿಗೂ ಕಾಣುತ್ತದೆ. ಇನ್ನೊಂದು ತಿಂದಳು. ಭತ್ತದ ಕೋಣೆಯ ಬಾಗಿಲಿಗೆ ಬಂದ ಚಿಕ್ಕಮ್ಮ ಅದನ್ನು ಕಂಡು ಮೆಲ್ಲಗೆ ಹಿಂದೆ ಸರಿದಳು. ನನ್ನ ಅಜ್ಜಿ ಅಷ್ಟು ಸುಖವಾಗಿ ಏನನ್ನಾದರೂ ತಿಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಹೇಳತೀರದ ಖುಷಿಯಾಯಿತು. ಯಾರಿಗೂ ಹೇಳಬೇಡ ಅಂತ ಅವಳು ಹೇಳಲಿಲ್ಲ. ಹೇಳಿದ್ದರೆ ನಾನು ಸತ್ತರೂ ಬಾಯಿ ಬಿಡುತ್ತಿರಲಿಲ್ಲ.

ದೀಪಾವಳಿಗೆ ಬ್ರಹ್ಮಾವರದಿಂದ ದೊಡ್ಡತ್ತೆ ಬಂದಳು. ಅಪ್ಪನ ಅಕ್ಕ. ಯಾವ ಮನೆಗೆ ಹೋದರೂ ಮೊದಲು ಹಿತ್ತಿಲ ಬಾಗಿಲಿನಿಂದ ಒಳಗೆ ಇಣುಕುವವಳು. ಚಿಕ್ಕಮ್ಮ ಹಬ್ಬಕ್ಕೆಂದು ಮ್ಯಾಕರಾನಿಗೆ ನೊರೆ ಹೊಡೆಯುತ್ತಿದ್ದಳು, ಫೋನಿನಲ್ಲಿ ಹಳೆಯ ವೀಡಿಯೊ ಓಡುತ್ತಿತ್ತು. ಅದರಲ್ಲಿ ಬಿಳಿ ಟೊಪ್ಪಿಯ ಒಬ್ಬ ಮೊಟ್ಟೆಗಳನ್ನು ಒಂದೊಂದಾಗಿ ಒಡೆಯುತ್ತಿದ್ದ. ದೊಡ್ಡತ್ತೆ ಒಮ್ಮೆ ಫೋನು ನೋಡಿದಳು, ಒಮ್ಮೆ ಬಟ್ಟಲು ನೋಡಿದಳು. “ಹ್ವಾಯ್, ಎಲ್ರೂ ಬನ್ನಿ ಇಲ್ಲ್! ದೇವ್ರ ನೈವೇದ್ಯ ಬೇಯ್ಸು ಮನಿಯಂಗೆ ಎಂತ ನಡಿತಿತ್ತ್ ಕಾಣಿ!” ಅಂತ ಕೂಗಿದ ಕೂಗಿಗೆ ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರೂ ಬಂದರು. ಕಡೆಗೆ ಅಜ್ಜಿಯೂ ಬಂದು ಬಾಗಿಲ ದಾರಂದ ಹಿಡಿದು ನಿಂತಳು. ಚಿಕ್ಕಮ್ಮ ಹೆದರಲಿಲ್ಲ. “ಅದ್ ಕಡ್ಲೆ ಬೇಯ್ಸಿದ್ ನೀರ್ ಅತ್ಗೆ. ಈಗ್ಲೇ ನಿಮ್ಮೆದ್ರಿಗೇ ಇನ್ನೊಂದ್ಸಲ ಮಾಡಿ ತೋರ್ಸ್ತೆ” ಅಂದಳು. “ಕಡ್ಲೆ ನೀರ್ ಹೀಂಗೆ ನೊರಿ ಬತ್ತಾ? ನಾನೇನ್ ಕಡ್ಲೆ ಬೇಯ್ಸದವ್ಳಾ?” ಅಂದಳು ದೊಡ್ಡತ್ತೆ. ಅಪ್ಪನ ಮುಖ ಬಿಳುಚಿತ್ತು. ಪೂಜೆ ಮಾಡುವವನ ಮನೆಗೆ ಮೊಟ್ಟೆ ಬಂತೆಂದು ಸುದ್ದಿಯಾದರೆ ಗುಡಿಯ ಪೂಜೆ ಉಳಿಯುತ್ತಿರಲಿಲ್ಲ.

ನಾನು ನಡುವೆ ನುಗ್ಗಿದೆ. “ಅದ್ ಕಡ್ಲೆ ನೀರೇ. ಅಜ್ಜಿಯೇ ಬಸ್ದ್ ಕೊಟ್ಟದ್ದ್. ಅಜ್ಜಿಯೂ ತಿಂದಿದ್ರ್, ಬೇಕಾರೆ ಕೇಣಿ” ಅಂದೆ. ಅರ್ಧ ಹೇಳಿ ಅರ್ಧ ನುಂಗಿದ್ದರೆ ಚಿಕ್ಕಮ್ಮ ಉಳಿಯುತ್ತಿದ್ದಳೇನೋ. ಸತ್ಯದಲ್ಲಿ ಅಷ್ಟಿಷ್ಟು ನುಂಗುವ ವಿದ್ಯೆಯನ್ನು ಆ ವಯಸ್ಸಿಗೆ ಯಾರೂ ನನಗೆ ಕಲಿಸಿರಲಿಲ್ಲ. ಸುಳ್ಳು ಹೇಳಿದರೆ ನಾಲಿಗೆಯಲ್ಲಿ ಹುಣ್ಣಾಗುತ್ತದೆ ಅಂತ ಕಲಿಸಿದವಳು ಅಜ್ಜಿಯೇ. ದೊಡ್ಡತ್ತೆ ಗಕ್ಕನೆ ತಿರುಗಿದಳು. “ದ್ವಿದಳ ವ್ರತದಂಗಾ? ಅಬ್ಬೆ, ನೀ ತಿಂದ್ಯಾ?” ನಾನು ನಿಶ್ಚಿಂತಳಾಗಿದ್ದೆ. ಅಜ್ಜಿ ಇದ್ದಾಳಲ್ಲ, ಇನ್ನೇನು, ಎಲ್ಲ ಸರಿಹೋಯಿತು ಅಂದುಕೊಂಡು ಅವಳ ಮುಖ ನೋಡಿ ನಕ್ಕೆ. ಅಜ್ಜಿ ನನ್ನ ಕಡೆ ನೋಡಲಿಲ್ಲ. “ನಾನ್ ಆ ಕೋಣಿ ಬದಿಗೇ ಹೋಯ್ಲಿಲ್ಲೆ. ಎಂತ ನೀರೋ ಎಂತದೋ ನಂಗೊತ್ತಿಲ್ಲೆ. ಮಕ್ಳ್ ಎಂತೆಂತದೋ ಸುಳ್ಳ್ ಹೇಳ್ತೊ” ಅಂದು ಒಳಗೆ ಹೋದಳು. ನೆಚ್ಚಿದ ಎಮ್ಮೆ ಕೋಣ ಈಯಿತು ಅನ್ನುವ ಗಾದೆಯನ್ನು ನಮ್ಮ ಕನ್ನಡ ಟೀಚರು ಹೇಳಿಕೊಟ್ಟಾಗ ಕ್ಲಾಸೆಲ್ಲ ನಕ್ಕಿತ್ತು, ನಾನೂ ನಕ್ಕಿದ್ದೆ. ಅಪ್ಪ, ದೊಡ್ಡವರ ಮೇಲೆ ಸುಳ್ಳು ಹಾಕುತ್ತೀಯಾ ಅಂತ ನನ್ನ ಬೆನ್ನಿಗೊಂದು ಬಿಟ್ಟ. ಅದು ನೋಯಲಿಲ್ಲ. ಮಾಡಿ ತೋರಿಸುತ್ತೇನೆ ಅಂದಿದ್ದ ಚಿಕ್ಕಮ್ಮ ಅಜ್ಜಿ ಹೋದ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿ, ಬೀಟರಿನ ಪ್ಲಗ್ಗು ಕಿತ್ತು, ಬಟ್ಟಲನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದಳು.

ಅಡಿಗೆಮನೆಯ ಶುದ್ಧಿಯಾಯಿತು, ಅಟ್ಟವನ್ನು ಕೂಡ ತೊಳೆದರು. ತುಳಸಿಪೂಜೆ ಕಳೆಯುವುದರೊಳಗೆ ಚಿಕ್ಕಪ್ಪ ಚಿಕ್ಕಮ್ಮ ಹೆಮ್ಮಾಡಿಯಲ್ಲಿ ಬಾಡಿಗೆ ಮನೆ ಹಿಡಿದರು. ಹೆಂಡತಿಯ ಮಾತನ್ನು ಚಿಕ್ಕಪ್ಪನಾದರೂ ನಂಬಿದ್ದನೋ ಇಲ್ಲವೋ, ಹೋದದ್ದಂತೂ ಅವಳ ಜೊತೆಗೇ. ಉಳುವವರಿಲ್ಲದೆ ಗದ್ದೆ ಹಡಿಲು ಬಿತ್ತು. ಮನೆಯಲ್ಲಿ ನಗು ಕಡಿಮೆಯಾಯಿತು, ಆಮೇಲೆ ಜನ ಕಡಿಮೆಯಾದರು. ಕೆಲವು ವರ್ಷಕ್ಕೆ ಅಪ್ಪ ರಸ್ತೆ ಬದಿಯಲ್ಲಿ ತಾರಸಿ ಮನೆ ಕಟ್ಟಿಸಿದ. ಹಳೆಯದನ್ನು ಕೆಡವಿ ಹಂಚು ಮಾರಿದರು. ಭತ್ತದ ಕೋಣೆ ಇದ್ದ ಜಾಗದಲ್ಲಿ ಈಗ ಯಾರದೋ ಕಾರು ನಿಲ್ಲುತ್ತದೆ. ನನ್ನ ಪಾಲಿಗೆ ಉಳಿದದ್ದು ಸುಳ್ಳಿ ಅನ್ನುವ ಹೆಸರು. ಪರೀಕ್ಷೆಯಲ್ಲಿ ಮೊದಲು ಬಂದೆ ಅಂದರೂ, ಬಸ್ಸು ತಪ್ಪಿತು ಅಂದರೂ, “ಇವ್ಳ ಮಾತಲ್ದಾ, ಅರ್ಧ ಕಳೀಕ್” ಅಂತ ಮನೆಯವರು ನಗುತ್ತಿದ್ದರು. ತಮಾಷೆಗೇ ಅನ್ನುತ್ತಿದ್ದರು. ಆ ತಮಾಷೆಯ ಹೊತ್ತಿಗೆ ಅಜ್ಜಿ ಅಲ್ಲೇ ಕೂತು ಬತ್ತಿ ಹೊಸೆಯುತ್ತಿರುತ್ತಿದ್ದಳು, ತಲೆಯೆತ್ತುತ್ತಿರಲಿಲ್ಲ. ನಾನು ಅವಳ ಮಡಿಲಲ್ಲಿ ಮಲಗುವುದನ್ನು ಬಿಟ್ಟೆ. ಅವಳು ಕರೆಯುವುದನ್ನೂ ಬಿಟ್ಟಳು.

ಚಿಕ್ಕಮ್ಮ ಈಗ ಹೆಮ್ಮಾಡಿಯಲ್ಲಿ ಹುಟ್ಟುಹಬ್ಬದ ಕೇಕು ಮಾಡಿ ಕೊಡುತ್ತಾಳೆ. ಮ್ಯಾಕರಾನೂ ಮಾಡುತ್ತಾಳೆ, ಮೊಟ್ಟೆ ಹಾಕಿಯೇ. ಅಪವಾದ ಹೇಗೂ ಬಂದಾಗಿತ್ತು, ಇನ್ನು ಕಡಲೆಗೆ ಯಾಕೆ ಹಿಂಸೆ ಅಂತ ನಗುತ್ತಾಳೆ. ಅಜ್ಜಿ ತಿಂದದ್ದು ನಿನಗೂ ಗೊತ್ತಿತ್ತಲ್ಲ, ನೀನ್ಯಾಕೆ ಹೇಳಲಿಲ್ಲ ಅಂತ ಒಮ್ಮೆ ಕೇಳಿದ್ದೆ. “ಹೇಳಿರೆ ಅವ್ರ ವ್ರತ ಹೋತಿತ್ತ್ ಮರಾಯ್ತಿ. ಹಣ್ಣ್ ಜೀವ” ಅಂದಳು. ಅಂಥ ದೊಡ್ಡ ಮನಸ್ಸು ನನ್ನದಲ್ಲ. ನನಗೆ ಸಿಟ್ಟಿದೆ. ಅಜ್ಜಿ ಅಂದರೆ ಈಗಲೂ ಎದೆ ಹಿಂಡುತ್ತದೆ, ಸಿಟ್ಟೂ ಹಾಗೇ ಇದೆ.

ಕೊನೆಗಾಲದಲ್ಲಿ ಅಜ್ಜಿ ಹೊಸ ಮನೆಯ ನಡುಕೋಣೆಯಲ್ಲಿ ಮಲಗಿದ್ದಳು. ರಜೆ ಹಾಕಿ ಹೋಗಿದ್ದೆ. ಅಮ್ಮ ಪೇಟೆಗೆ ಹೋಗಿದ್ದಳು, ಅಪ್ಪ ಹೊರಗೆ ಹೂ ಕೊಯ್ಯುತ್ತಿದ್ದ. ನಾನು ಗಂಜಿ ಕುಡಿಸುತ್ತಿದ್ದೆ. ಅರ್ಧದಲ್ಲಿ ಅವಳು ಚಮಚ ತಡೆದು, ನನ್ನ ಮಣಿಕಟ್ಟು ಹಿಡಿದಳು. “ಅವತ್ತ್ ನೀ ಸುಳ್ಳ್ ಹೇಳ್ಲಿಲ್ಲೆ ಹೆಣೆ. ಕಡ್ಲೆ ನೀರೇ ಅದ್. ನಾ ತಿಂದದ್ದೂ ಹೌದ್” ಅಂದಳು. ಎಷ್ಟು ವರ್ಷ ಕಾದ ಮಾತು. ಆದರೆ ಅದು ನನಗೆ ಗೊತ್ತಿದ್ದದ್ದೇ, ಕೇಳಬೇಕಾದ ಕಿವಿಗಳು ಬೇರೆ ಇದ್ದವು. “ಅಪ್ಪನ್ ಕರಿತೆ ಅಜ್ಜಿ. ಅವ್ರೆದ್ರಿಗೆ ಒಂದ್ಸಲ ಹೇಳಿ, ಒಂದೇ ಸಲ” ಅಂದೆ. ಅವಳು ಬೇಡ ಅನ್ನಲಿಲ್ಲ. ಕೂಗಿದೆ. ಅಪ್ಪ ಹೂವಿನ ಬುಟ್ಟಿ ಹಿಡಿದೇ ಒಳಗೆ ಬಂದು, “ಎಂತ ಅಂಬ್ರ್?” ಅಂತ ಕೇಳಿದ. ಅಜ್ಜಿ ನನ್ನ ಮಣಿಕಟ್ಟು ಬಿಟ್ಟಳು. “ಗಂಜಿಗೆ ಉಪ್ಪ್ ಕಮ್ಮಿ ಆಯ್ತ್ ಮಗಾ, ಅಷ್ಟೇ” ಅಂದಳು.

ಅಪ್ಪ ಅಡಿಗೆಮನೆಗೆ ಹೋಗಿ ಉಪ್ಪು ತಂದು ಬಟ್ಟಲಿಗೆ ಹಾಕಿ ಕದಡಿದ. ಗಂಜಿಗೆ ಉಪ್ಪು ಮೊದಲೇ ಸರಿಯಾಗಿತ್ತು, ನಾನೇ ಹಾಕಿದ್ದೆ. ಅಪ್ಪ ಅಲ್ಲೇ ನಿಂತಿದ್ದ. ನಾನು ಚಮಚ ಮುಂದೆ ಹಿಡಿದೆ, ಅಜ್ಜಿ ಬಾಯಿ ತೆರೆದಳು. ಆ ಉಪ್ಪುಪ್ಪು ಗಂಜಿಯನ್ನು ಮುಖ ಕಿವುಚದೆ, ಬಟ್ಟಲು ಬರಿದಾಗುವ ತನಕ ಕುಡಿದಳು.