ಕತ್ತರಿಸಿದ ಕೊನೆಯ ವಾಕ್ಯ

2018ರ ಫೆಬ್ರುವರಿ 1ರಂದು ಮಂಡನೆಯಾದ ಕೇಂದ್ರ ಬಜೆಟ್, ನೌಕರರ ಸಾರಿಗೆ ಭತ್ಯೆಗೆ ಇದ್ದ ಆದಾಯ ತೆರಿಗೆ ವಿನಾಯಿತಿಯನ್ನು ಕೈಬಿಟ್ಟಿತು. ಮನೆಯಿಂದ ಕೆಲಸಕ್ಕೆ ಹೋಗಿಬರಲು ಸಂಬಳದ ಜೊತೆ ಕೊಡುವ ಹಣ ಅದು. ಕೊಪ್ಪಳದ ನಮ್ಮ ದಿನಪತ್ರಿಕೆಯಲ್ಲಿ ಆ ಸುದ್ದಿ ತಿದ್ದಿದವನು ನಾನು. ಸಂಜೆ ಪುಟ ಕಟ್ಟುವಾಗ ಗಂಗಾವತಿಯ ಅಕ್ಕಿ ಗಿರಣಿಯೊಂದರ ಜಾಹೀರಾತು ಬಂತು. ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುವುದು ನಮ್ಮ ರೂಢಿ. ಕೊನೆಯ ವಾಕ್ಯ ಹೋಯಿತು. ಅದರಲ್ಲಿ ಏನಿತ್ತೆಂದು ಮರುದಿನಕ್ಕೆ ಮರೆತಿದ್ದೆ.

ನನ್ನ ಅಕ್ಕ ಊರ ಹೊರಗಿನ ಉಕ್ಕಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಅದಿರು ಪರೀಕ್ಷಿಸುತ್ತಾಳೆ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲಿನ ಬಲ ಹೋಯಿತು. ಕಾರ್ಖಾನೆ ಬಸ್ಸಿನ ಮೆಟ್ಟಿಲು ಎತ್ತರ. ಹಾಗಾಗಿ ಭಾಗ್ಯನಗರದ ನಮ್ಮ ಮನೆಯಿಂದ, ಹಿಂದೆ ಎರಡು ಗಾಲಿ ಸೇರಿಸಿದ ಸ್ಕೂಟರಿನಲ್ಲಿ, ಅದಿರಿನ ಲಾರಿಗಳ ನಡುವೆಯೇ ಹೋಗಿಬರುತ್ತಾಳೆ. ಗೇಟಿನ ಬಳಿಯೇ ಕ್ವಾರ್ಟರ್ಸ್ ಕೊಡುತ್ತೇವೆ ಎಂದವರಿಗೆ "ಮನಿ ಐತ್ರಿ, ಗಾಡೀನೂ ಐತ್ರಿ" ಎಂದು ಹೇಳಿ ಬಂದವಳು.

ಪರೀಕ್ಷಿಸದೆ ಏನನ್ನೂ ನಂಬದ ಕೆಲಸ ಅವಳದು. ಕಳೆದ ವರ್ಷ ತೆರಿಗೆ ಕಡಿತದ ಕಾಗದ ಕೈಗೆ ಬಂದಾಗ ಕಾನೂನಿನ ನಿಯಮಗಳನ್ನೇ ತೆರೆದು ಓದಿದಳು. ಕಾಲಿನ ಅಂಗವೈಕಲ್ಯ ಇರುವ ನೌಕರರಿಗೆ ವಿನಾಯಿತಿ ರದ್ದಾಗಿರಲೇ ಇಲ್ಲ. ಆದರೂ ಅಷ್ಟೂ ವರ್ಷ ಅವಳ ಭತ್ಯೆಗೆ ತೆರಿಗೆ ಮುರಿದುಕೊಂಡಿದ್ದರು.

ಅದನ್ನು ಕೇಳಲು ಹೊರಟ ದಿನ ಸ್ಕೂಟರ್ ಗ್ಯಾರೇಜಿನಲ್ಲಿತ್ತು. ನನ್ನ ಬೈಕಿನಲ್ಲಿ ಕಾರ್ಖಾನೆಗೆ ಕರೆದೊಯ್ದೆ. ಯಲಬುರ್ಗಾ ಕಡೆಯ ಹಿರಿಯ ಅಕೌಂಟೆಂಟ್ ಗೋಡೆಯ ನೋಟಿಸ್ ಬೋರ್ಡಿನತ್ತ ಕೈ ತೋರಿಸಿದರು. ಅಲ್ಲಿ ಹಳದಿಯಾದ ಪತ್ರಿಕೆಯ ತುಣುಕೊಂದಿತ್ತು.

"ಎಲ್ಲಾರದೂ ರದ್ದಾಗೈತ್ರಿ ಮೇಡಂ. ನೋಡ್ರಿ, ಪೇಪರನ್ಯಾಗ ಬಂದೈತಿ. ನಿಮ್ಮ ತಮ್ಮನ ಪೇಪರ್ ಅಂತ ನಂಬಿ ಹಚ್ಚೇನಿ."

ಅಕ್ಕ ನನ್ನತ್ತ ತಿರುಗಿದಳು. "ಇದು ನೀ ಬರದದ್ದೇನೋ?"

"ಬರದದ್ದಲ್ಲ, ಕತ್ತರಿಸಿದ್ದು. ಈಗ ನೆನಪಾತು, ಅಂಗವಿಕಲರಿಗೆ ಮುಂದುವರೀತೈತಿ ಅಂತ ಕೆಳಗ ಒಂದು ವಾಕ್ಯ ಇತ್ತು."

"ಭಾಳ ಛಲೋ ಕತ್ತರಿಸಿದಿ. ಅದರಾಗ ನಾ ಇದ್ದೆ ನೋಡಪಾ."

ಅಕೌಂಟೆಂಟ್ ನಕ್ಕರು. ಆಮೇಲೆ ದನಿ ತಗ್ಗಿಸಿ, "ಆದ್ರ ಮೇಡಂ, ವಿನಾಯಿತಿ ಬೇಕಂದ್ರ ಫಾರಂನ್ಯಾಗ ಅಂಗವಿಕಲ ಅಂತ ಬರೀಬೇಕಾಗ್ತೈತಿ. ನಿಮ್ಮಂಥಾರಿಗೆ ಹೆಂಗ ಕೇಳೂದ್ರಿ?" ಎಂದರು.

"ಕೇಳ್ರಿ ಸರ, ನಾ ಬರೀತೀನಿ. ಕಾಲು ನಂದು, ದಾರೀನೂ ನಂದು."

ಫಾರಂ ತರಿಸಿಕೊಂಡು ಅಲ್ಲೇ ತುಂಬಿದಳು. ಆ ಪದವನ್ನು ಉಳಿದ ಪದಗಳಷ್ಟೇ ದೊಡ್ಡದಾಗಿ, ಅಷ್ಟೇ ಗುಂಡಗೆ ಬರೆದಳು. ಪಕ್ಕದಲ್ಲಿ ನಿಂತಿದ್ದ ನನಗೆ ನನ್ನ ತಪ್ಪಿನ ನಾಚಿಕೆಗಿಂತ ಅವಳ ಬಗೆಗಿನ ಹೆಮ್ಮೆಯೇ ಹೆಚ್ಚಾಗಿತ್ತು.

ಮುಖ್ಯ ಕಚೇರಿ ಎರಡು ಸಲ ವೈದ್ಯಕೀಯ ಪ್ರಮಾಣಪತ್ರ ಕೇಳಿತು. ನಾನೇ ಕೊಟ್ಟು ಬರುತ್ತೇನೆ ಎಂದೆ. "ನೀ ಬ್ಯಾಡ. ಕೊನೀ ಹಾಳಿ ಹರದು ಕೊಡ್ತಿ," ಎಂದು ಎರಡು ಸಲವೂ ಸ್ಕೂಟರಿನಲ್ಲಿ ತಾನೇ ಒಯ್ದಳು.

ಅರ್ಜಿ ಒಪ್ಪಿಗೆಯಾಯಿತು. ಹಿಂದಿನ ವರ್ಷಗಳದ್ದು ವಾಪಸ್ ಬರಲಿಲ್ಲ. ಆ ವರ್ಷದಿಂದ ಭತ್ಯೆಯ ಮೇಲಿನ ಕಡಿತ ನಿಂತಿತು. ನಮ್ಮ ಪತ್ರಿಕೆ ಮೂರು ಸಾಲಿನ ತಿದ್ದುಪಡಿ ಪ್ರಕಟಿಸಿತು. ಬರೆದವನು ನಾನು, ಅಚ್ಚಿಗೆ ಹೋಗುವ ಮುನ್ನ ಓದಿ ನೋಡಿದವಳು ಅಕ್ಕ. ಅದನ್ನು ಅಕೌಂಟೆಂಟ್ ಹಳೆಯ ತುಣುಕಿನ ಕೆಳಗೆ ಅಂಟಿಸಿದ್ದಾರೆ.

ಕುಷ್ಟಗಿಯಿಂದ ದಿನವೂ ಬಂದುಹೋಗುವ, ಗೇಟಿನಲ್ಲಿ ಲಾರಿ ತೂಕ ಮಾಡುವ ನೌಕರರೊಬ್ಬರು ಊರುಗೋಲು ಹಿಡಿದು ನಡೆಯುತ್ತಾರೆ. ಹೋದ ವಾರ ಅವರ ಫಾರಂ ಅಕ್ಕ ತುಂಬಿಸಿಕೊಟ್ಟಳು. ಅದು ಈಗ ಮುಖ್ಯ ಕಚೇರಿಯಲ್ಲಿದೆ.