ಪೆಟಗಿ ಕಾಯ್ದವರು ಯಾರು

ನಾನು ಮುಂಬಯಿ ನೋಡಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಯಾರು ಮುಂಬಯಿಯ ಮಾತೆತ್ತಿದರೂ ನನ್ನ ಹೆಸರು ಹೇಳುತ್ತಾರೆ — ಆದರೂ ನೋಡಿಲ್ಲ. ಹೋಗಿದ್ದೆ, ನಾಲ್ಕು ದಿನ ಇದ್ದೆ. ಆ ನಾಲ್ಕೂ ದಿನ ಬೋರಿಬಂದರ ಸ್ಟೇಶನ್ನಿನ ಹತ್ತಿರದ ಧರ್ಮಶಾಲೆಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದೆ. ನೋಡಿದವನು ಇಮಾಮಸಾಬ. ಅವನು ಕಂಡದ್ದನ್ನು ನನ್ನದೆಂದು ಹೇಳಿಕೊಂಡು ಹದಿನೇಳು ವರ್ಷ ಮೆರೆದೆ.

ಆಗ ನಾನು ಹುಬ್ಬಳ್ಳಿಯ ಒಂದು ನಾಟಕ ಕಂಪನಿಯಲ್ಲಿ ನಾಟಕ ಬರೆಯುವ ಮಾಸ್ತರ. ಇಮಾಮಸಾಬ ಅದೇ ಕಂಪನಿಯ ದರ್ಜಿ. ಬಾದಶಹನ ಕಾಲದ ಹೊಸ ನಾಟಕ ಆಡುವುದಿತ್ತು. ಮುಂಬಯಿಯ ಮ್ಯೂಸಿಯಮ್ಮಿನಲ್ಲಿ ಹಳೆಯ ಉಡುಪು, ಥೇಟರುಗಳಲ್ಲಿ ಹೊಸ ತರಹದ ರಂಗಸಜ್ಜು ನೋಡಿ ಬರೆದುಕೊಂಡು ಬಾ ಎಂದು ಮಾಲಕರು ನನ್ನನ್ನು ಕಳಿಸಿದರು. ಮಖಮಲ್ಲು ಕೊಳ್ಳಲು, ಮಾದರಿ ಉಡುಪಿನ ಪೆಟ್ಟಿಗೆ ಕಾಯಲು ಇಮಾಮಸಾಬ ಜೊತೆಗೆ.

ಹೊರಡುವಾಗ ನನ್ನ ಅವ್ವ ಹೇಳಿದ್ದಳು — "ಮುಂಬೈದಾಗ ಕಣ್ಣ ಮುಚ್ಚಿ ತಗಿಯೂದ್ರಾಗ ಮೈಮ್ಯಾಲಿನ ಅಂಗಿ ಹೋಗ್ತದಂತ. ಪೆಟಗಿ ಬಿಟ್ಟು ಏಳಬ್ಯಾಡ." ಮೊದಲ ದಿನವೇ ಟ್ರಾಮು ಹತ್ತಲು ಹೋಗಿ ಬಿದ್ದೆ. ಮೊಣಕಾಲು ತರಚಿದ್ದು ಸ್ವಲ್ಪ, ಹೆದರಿದ್ದು ಬಹಳ. ಅವ್ವನ ಮಾತು ಒಳ್ಳೆಯ ನೆಪವಾಯಿತು. ನೀನೇ ನೋಡಿ ಬಾ, ಪೆಟ್ಟಿಗೆ ನಾನು ಕಾಯುತ್ತೇನೆ ಎಂದು ಇಮಾಮಸಾಬನಿಗೆ ಹೇಳಿದೆ.

ದಿನಾ ಸಂಜೆ ಬಂದು ಅವನು ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಮ್ಯೂಸಿಯಮ್ಮಿಗೆ ಅವನು ಅಜಬಖಾನಾ ಅನ್ನುತ್ತಿದ್ದ. ಎಂಥ ಕಣ್ಣು ಅಂತೀರಿ! ಅಂಗೈಯಗಲದ ಹಳೆಯ ಚಿತ್ರವೊಂದರಲ್ಲಿ ಬಾದಶಹನ ಉದ್ದಂಗಿ ಕಟ್ಟುವ ದಾರ, ಅಂದರೆ ಕಸಿ, ಬಲಗಂಕುಳಲ್ಲಿ ಕಟ್ಟಿದೆ, ಪಕ್ಕದ ರಜಪೂತ ಸರದಾರನದು ಎಡಕ್ಕೆ — ಅದನ್ನು ಕಂಡವನು ಅವನು. ಥೇಟರಿನ ವಿದ್ಯುದ್ದೀಪದ ಕೆಳಗೆ ಅಗ್ಗದ ಜರಿ ತಗಡಿನಂತೆ ಕಾಣುತ್ತದೆಂದು ಹೇಳಿದವನೂ ಅವನೇ. ಮಖಮಲ್ಲಿನ ಅಂಗಡಿಯ ಮುಂದೆ ಖಾದಿಯುಟ್ಟ ಹೆಂಗಸರು, ಪರದೇಶಿ ಬಟ್ಟೆ ಕೊಳ್ಳಬೇಡಿರೆಂದು ಕೈಮುಗಿದು ನಿಂತಿದ್ದರಂತೆ. ಇವನೂ ಅವರಿಗೆ ಕೈಮುಗಿದು ಬರಿಗೈಯಲ್ಲಿ ಬಂದ. ಗುಳೇದಗುಡ್ಡದ ಕುಪ್ಪಸದ ಖಣದಲ್ಲೇ ಬಾದಶಹನಿಗೆ ಅಂಗಿ ಹೊಲಿಯುತ್ತೇನೆ ಎಂದ. ತುಂಡಿಗೆ ತುಂಡು ಜೋಡಿಸಿ ಹೊಲಿದೂ ಬಿಟ್ಟ. ಆ ಅಂಗಿ ನೋಡಲು ಉಣಕಲ್ಲಿನಿಂದ, ಗೋಪನಕೊಪ್ಪದಿಂದ ಜನ ಬಂಡಿ ಕಟ್ಟಿಕೊಂಡು ಬಂದರು. ಅಂಥ ದರ್ಜಿ ಮುಂಬಯಿಯ ಯಾವ ಕಂಪನಿಯಲ್ಲೂ ಇರಲಿಲ್ಲವೆಂದು ಎದೆ ತಟ್ಟಿ ಹೇಳುತ್ತೇನೆ — ಮುಂಬಯಿ ನೋಡದೆಯೇ.

ನಾನು ಎಲ್ಲವನ್ನೂ ಚಂದಾಗಿ ಬರೆದೆ. ಆ ಬರವಣಿಗೆಯ ಬಗ್ಗೆ ಇವತ್ತಿಗೂ ನನಗೆ ಹೆಮ್ಮೆಯಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಪ್ರತಿ ಸಾಲಿನಲ್ಲೂ 'ನಾನು ಕಂಡೆ' ಎಂದು ಬರೆದಿದ್ದೆ. ದುರ್ಗದಬೈಲಿನ ವಾಚನಾಲಯದಲ್ಲಿ ಅದನ್ನು ಓದಿದೆ. ಧಾರವಾಡದಿಂದ ಬಂದ ಇತಿಹಾಸದ ಪ್ರೊಫೆಸರರು ಕಸಿಯ ಸಂಗತಿ ಕೇಳಿ ಎದ್ದು ನಿಂತು, ನೋಡುವುದೆಂದರೆ ಇದು ಎಂದರು. ಆಮೇಲೆ ಬಾಗಿಲ ಹತ್ತಿರ ಕೂತಿದ್ದ ಇಮಾಮಸಾಬನ ಕಡೆ ತಿರುಗಿ, ನೀವೂ ನೋಡಿದಿರೇನು ಎಂದು ಕೇಳಿದರು. ಅವನು ಬಾಯಿ ತೆರೆದ. ಅವನು ಮಾತಾಡುವ ಮೊದಲೇ ನಾನು ನಡುವೆ ಬಾಯಿ ಹಾಕಿದೆ.

"ಇಲ್ರಿ ಸರ, ಅಂವಾ ಪೆಟಗಿ ಕಾಯ್ಕೋತ ಕುಂತಿದ್ದ" ಎಂದೆ.

ಜನ ನಕ್ಕರು. ಇಮಾಮಸಾಬ ನನ್ನ ಮುಖ ನೋಡಿದ, ತೆರೆದ ಬಾಯಿ ಮುಚ್ಚಿದ.

ನಮ್ಮ ಕಡೆ ಅಡ್ಡಹೆಸರು ಹುಟ್ಟಲು ಎಷ್ಟು ಹೊತ್ತು? ಮರುದಿನವೇ ಅವನು ಓಣಿಗೆಲ್ಲ ಪೆಟಗಿ ಇಮಾಮಸಾಬನಾದ. ಅಜಬಖಾನಾದ ಮಾತೆತ್ತಿದರೆ, ಹೌದಪಾ, ಪೆಟಗಿಯೊಳಗೇ ಎಲ್ಲಾ ನೋಡಿ ಬಂದಿ ಎಂದು ಚಾಷ್ಟಿ ಮಾಡುತ್ತಿದ್ದರು. ಬರಬರುತ್ತ ಅವನು ಮುಂಬಯಿಯ ಮಾತನ್ನೇ ಬಿಟ್ಟ. ನಾನು ಅದನ್ನು ದಿನಾ ನೋಡಿದೆ. ಒಂದು ಮಾತು — ಒಂದೇ ಮಾತು ಹೇಳಿದ್ದರೆ — ಹೇಳಲಿಲ್ಲ.

ಕಳೆದ ವಾರ ಅವನ ಮಗ ಮೌಲಾಸಾಬ ಬಂದಿದ್ದ. ಈಗ ಸಾಲಿ ಮಾಸ್ತರನಾಗಿದ್ದಾನೆ. ಅವನ ಲಗ್ನಪತ್ರಿಕೆಯನ್ನು ನಾನೇ ಬರೆದುಕೊಡಬೇಕೆಂದು ಅಪ್ಪನ ಹಟವಂತೆ. ನಾನು ಅವನ ಹೆಸರು ಬರೆದೆ. ಅವನು ಬಗ್ಗಿ ನೋಡಿದ.

"ಕಾಕಾ, ಅಡ್ಡಹೆಸರು ಬರೀರಿ ಮತ್ತ — ಪೆಟಗಿ. ಕಂಪನಿಗೆ ಪೆಟಗಿಗಟ್ಟಲೆ ಅರಿವಿ ಹೊಲದು ಕೊಟ್ಟಿದ್ದಕ್ಕ ಆ ಹೆಸರು ಬಂತಂತ ನಮ್ಮಪ್ಪ ಹೇಳ್ತಾರ. ಖರೇ ಏನ್ರಿ?"

ಎಷ್ಟು ಅಭಿಮಾನದಿಂದ ಕೇಳಿದ ಆ ಹುಡುಗ! ನಾನು ಲೇಖನಿ ಕೆಳಗಿಟ್ಟೆ. ಹದಿನೇಳು ವರ್ಷ ಇಮಾಮಸಾಬ ತನ್ನ ಮನೆಯಲ್ಲೂ ನನ್ನ ಮಾನ ಕಾಯ್ದಿದ್ದ. ನಾನು ಮಾಡಿದ ಅವಮಾನವನ್ನೇ ಬಿಚ್ಚಿ ಮಗನಿಗೆ ಹೊಸ ಅಂಗಿಯಂತೆ ಹೊಲಿದು ತೊಡಿಸಿದ್ದ. ಖರೇ ಎನ್ನಲು ಬಾಯಿ ಬರಲಿಲ್ಲ, ಸುಳ್ಳು ಎನ್ನಲು ಧೈರ್ಯ — ಅದೂ ಬರಲಿಲ್ಲ. ರವಿವಾರ ನಿಮ್ಮಪ್ಪನನ್ನು ಕರೆದುಕೊಂಡು ವಾಚನಾಲಯಕ್ಕೆ ಬಾ, ಅಲ್ಲಿ ಹೇಳುತ್ತೇನೆ ಎಂದೆ.

ಅಲ್ಲಿ ಓದಲೆಂದೇ ಇದನ್ನು ಬರೆದಿದ್ದೇನೆ. ಇಮಾಮಸಾಬನನ್ನು ಬಾಗಿಲ ಹತ್ತಿರ ಕೂಡಲು ಬಿಡುವುದಿಲ್ಲ, ಮುಂದೆ ಕೂರಿಸುತ್ತೇನೆ. ಕಸಿ ಕಂಡವನು ಇವನು, ಪೆಟಗಿ ಕಾಯ್ದವನು ನಾನು ಎಂದು ಎಲ್ಲರೆದುರು ಹೇಳುತ್ತೇನೆ. ಜನ ನಗಲಿ. ಇನ್ನು ಮೇಲೆ ಯಾರಾದರೂ ಓಣಿಯಲ್ಲಿ ಪೆಟಗಿ ಎಂದು ಕೂಗಿದರೆ, ನಾನು ಓ ಎನ್ನುತ್ತೇನೆ.