ತಡೀರಿ ಡಾಕ್ಟರು

ತಂದೆತಾಯಿ ಇಟ್ಟ ಹೆಸರು ಅವರಿಗೂ ಒಂದಿತ್ತು. ಮಕ್ಕಳ ಆಸ್ಪತ್ರೆಯಲ್ಲಿ ಆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಬೆಂಚಿನ ಮೇಲೆ ಕಾಯುವ ತಾಯಂದಿರಿಗೆಲ್ಲ ಅವರು ತಡೀರಿ ಡಾಕ್ಟರು. ಆಗಷ್ಟೇ ಓದು ಮುಗಿಸಿ ಬಂದ ಹುಡುಗ. ಮೀಸೆ ಇನ್ನೂ ಬರಲೋ ಬೇಡವೋ ಅನ್ನುತ್ತಿತ್ತು. ಔಷಧಿ ಚೀಟಿ ಪೂರ್ತಿ ಬರೆಯುವರು, ಸಹಿ ಹಾಕುವ ಮೊದಲು ಪೆನ್ನು ಕೆಳಗಿಟ್ಟು, "ತಡೀರಿ" ಎಂದು ಮಗುವನ್ನು ಇನ್ನೊಮ್ಮೆ ತಲೆಯಿಂದ ಕಾಲಿನವರೆಗೆ ನೋಡುವರು. ಅವರ ಬಾಗಿಲ ಮುಂದಿನ ಸಾಲು ಕರಗಿದ್ದೇ ಇಲ್ಲ.

ನನ್ನ ಬೀಗಿತ್ತಿಗೆ, ಅಂದರೆ ಸೊಸೆಯ ತಾಯಿಗೆ, ಅವರನ್ನು ಕಂಡರಾಗದು. ಹಿಂದೊಮ್ಮೆ ಮೊಮ್ಮಗಳ ಮೂಗು ಸೋರುತ್ತದೆಂದು ಕರೆದೊಯ್ದಾಗ, "ಬರೀ ನೆಗಡಿ ಅಮ್ಮ, ಆಂಟಿಬಯಾಟಿಕ್ ಬೇಡ" ಎಂದು ಕಳಿಸಿಬಿಟ್ಟಿದ್ದರು. ನೆಗಡಿ ಹೋಯಿತು, ಬೀಗಿತ್ತಿಯ ಸಿಟ್ಟು ಹೋಗಲಿಲ್ಲ. "ಔಷಧಿ ಬರೆಯೋಕೇ ಕೈ ಬರದವನು ಎಂಥ ಡಾಕ್ಟ್ರು!"

ಆಮೇಲೊಂದು ದಿನ ಮಗುವಿಗೆ ಜೋರು ಜ್ವರ ಬಂತು, ಉಸಿರು ಬಿರುಸಾಯಿತು. ಮಗ, ಸೊಸೆ ಕೆಲಸದಲ್ಲಿದ್ದರು. ಇಬ್ಬರು ಅಜ್ಜಿಯರೇ ಎತ್ತಿಕೊಂಡು ಓಡಿದೆವು. ನರ್ಸಮ್ಮನ ತೂಕದ ಮಿಷನ್ ಕಂಡದ್ದೇ ಮಗು ಬೀಗಿತ್ತಿಯ ಕೊರಳಿಗೆ ಉಡದಂತೆ ಅಂಟಿಕೊಂಡಿತು. ಬಿಡಿಸಹೋದರೆ ಕಿಟಾರನೆ ಕಿರುಚಿತು.

"ಸರಿ, ಮಗೂನ ಎತ್ತಿಕೊಂಡೇ ನಿಲ್ಲಿ" ಎಂದರು ನರ್ಸಮ್ಮ. " ಎಪ್ಪತ್ತೊಂದು. ನಿಮ್ಮದೆಷ್ಟಮ್ಮ? ಕಳೆದುಬಿಡ್ತೀನಿ."

ಬೀಗಿತ್ತಿ ನನ್ನತ್ತ ಒಂದು ನೋಟ ಬೀರಿದರು. ನಾನು ಕಡ್ಡಿ, ಅವರು ಗುಂಡಗೆ. "ಐವತ್ತು" ಎಂದರು, ಕತ್ತು ನೆಟ್ಟಗೆ ಮಾಡಿ. ನರ್ಸಮ್ಮ ಗಡಿಬಿಡಿಯಲ್ಲಿ ಚೀಟಿಯಲ್ಲಿ ಎಪ್ಪತ್ತೊಂದು ಕಳೆ ಐವತ್ತು, ಇಪ್ಪತ್ತೊಂದು ಎಂದು ಗೀಚಿ ನಮ್ಮನ್ನು ಒಳಗೆ ತಳ್ಳಿದರು.

ಡಾಕ್ಟರು ಮಗುವಿನ ಎದೆ ಪರೀಕ್ಷಿಸಿದರು. "ಸೋಂಕಿದೆ. ಈ ಸಲ ಆಂಟಿಬಯಾಟಿಕ್ ಬೇಕೇ ಬೇಕು." ಬೀಗಿತ್ತಿ ಗೆದ್ದವರಂತೆ ನನ್ನನ್ನು ತಿವಿದರು. ಚೀಟಿ ಬರೆದಾಯಿತು. ಪೆನ್ನು ಕೆಳಗಿಳಿಯಿತು.

"ತಡೀರಿ. ಎರಡು ವರ್ಷದ ಮಗು ಇಪ್ಪತ್ತೊಂದು ಕಿಲೋನಾ? ನೋಡಿದ್ರೆ ಹಾಗನಿಸಲ್ವಲ್ಲ."

"ನಮ್ಮ ಕಡೆಯವರ ಮೂಳೆ ಭಾರ, ಡಾಕ್ಟ್ರೇ" ಎಂದರು ಬೀಗಿತ್ತಿ.

"ಮೂಳೆ ಎಷ್ಟೇ ಭಾರ ಇದ್ರೂ ಇನ್ನೊಂದು ಮಗುವಿನಷ್ಟು ಇರಲ್ಲಮ್ಮ. ತೂಕ ನೋಡಿಯೇ ಔಷಧಿ ಅಳೆಯೋದು. ಲೆಕ್ಕ ತಪ್ಪಿದ್ರೆ ಇವಳಿಗೆ ದುಪ್ಪಟ್ಟು ಹೋಗುತ್ತೆ. ನೀವೊಬ್ಬರೇ ಒಂದ್ಸಲ ನಿಂತುಬಿಡಿ."

ಬೀಗಿತ್ತಿ ಜಪ್ಪಯ್ಯ ಅನ್ನಲಿಲ್ಲ. ನಗುವ ಹೊತ್ತೂ ಅದಲ್ಲ. ಅವರ ಹೆಗಲ ಮೇಲೆ ಮಗು ಕೆಂಡವಾಗಿತ್ತು.

ದೊಡ್ಡ ಡಾಕ್ಟರು ಇಣುಕಿದರು. "ಏನಪ್ಪಾ, ನಿನ್ನ ಸಾಲು ಗೇಟು ದಾಟ್ತಲ್ಲೋ!"

"ತಡೀರಿ ಸಾರ್!" ಎಂದುಬಿಟ್ಟು ಹುಡುಗ ನಾಲಿಗೆ ಕಚ್ಚಿಕೊಂಡ. ಆದರೂ ಪೆನ್ನು ಮುಟ್ಟಲಿಲ್ಲ.

ಬೀಗಿತ್ತಿ ಮಗುವಿನ ಬೆನ್ನು ಸವರಿದರು. "ನಿಲ್ತೀನಿ. ಆದ್ರೆ ಈ ಬೀಗಿತ್ತಿಯವರು ಹೊರಗಿರಲಿ."

ನಾನು ಹೊರಬಂದೆ. ಮಿಷನ್ ಒಳಗೆ ಹೋಯಿತು. ಅರಚುವ ಮಗುವನ್ನು ಡಾಕ್ಟರೇ ಎತ್ತಿಕೊಂಡಿರಬೇಕು. ಮಕ್ಕಳ ಗಲಾಟೆಯ ಮೇಲೆ ಕೂಗಿ ಕೂಗಿ ರೂಢಿಯಾದ ನರ್ಸಮ್ಮನ ಗಂಟಲು ಮೊಳಗಿತು: "ಐವತ್ತೊಂಬತ್ತು!" ಬೆಂಚಿಗೆ ಬೆಂಚೇ ತಲೆಯೆತ್ತಿತು.

"ಹಾಗಾದ್ರೆ ಹನ್ನೆರಡು" ಎಂದಿತು ಡಾಕ್ಟರ ದನಿ. ಹಿಂದೆಯೇ ಹಳೆಯ ಚೀಟಿ ಹರಿದ ಸದ್ದು.

ಬೀಗಿತ್ತಿ ಕೆಂಪಗೆ ಹೊರಬಂದರು. "ಅವರ ಮಿಷನ್ ಕೆಟ್ಟಿದೆ."

"ನನಗೇನೂ ಕೇಳಿಸಲಿಲ್ಲಪ್ಪ" ಎಂದೆ.

ಜ್ವರ ಬಿಟ್ಟಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಕೊಡಿ ಎಂದಿದ್ದರು ಡಾಕ್ಟರು. ಹಾಗೇ ಕೊಟ್ಟೆವು. ನಾನು ಔಷಧಿ ಸುರಿಯುವಾಗಲೆಲ್ಲ "ತಡೀರಿ" ಎಂದು ಅಳತೆಯ ಮುಚ್ಚಳ ಕಿತ್ತುಕೊಂಡು, ಕಣ್ಣಿನೆತ್ತರಕ್ಕೆ ಹಿಡಿದು ಗೆರೆ ನೋಡುತ್ತಿದ್ದವರು ಯಾರು? ಬೀಗಿತ್ತಿಯೇ!

ಮತ್ತೆ ತೋರಿಸಲು ಹೋದಾಗ ಮಗು ಗುಣವಾಗಿ, ಚಿಗರೆಯಂತೆ ಕುಣಿಯುತ್ತಿತ್ತು. ಮಿಷನ್ ಕಂಡದ್ದೇ ಓಡಿಹೋಗಿ ತಾನೇ ಹತ್ತಿ ನಿಂತುಕೊಂಡಿತು. ಬೀಗಿತ್ತಿ ಸೊಂಟದ ಮೇಲೆ ಕೈಯಿಟ್ಟರು.

"ಅವತ್ತೇ ಹೀಗೆ ನಿಂತಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ!"